ಸೀಲು ಭದ್ರವಾಗಿತ್ತು

ದಮ್ಮಾಮಿನ ಬಂದರಲ್ಲಿ ಎಣಿಸಿದ್ದು ನಲವತ್ತೆರಡು,
ರಿಯಾದಿನ ಒಣಬಂದರಲ್ಲಿ ಇಳಿಸಿದ್ದು ನಲವತ್ತೊಂದು.
ನಡುವೆ ಅಬ್ಕೈಕ್, ಹಫೂಫ್, ಹರದ್,
ಹಳಿಯ ಮೇಲೆ ಮರಳು,
ಮರಳು ಗುಡಿಸಲು ಮುಖಕ್ಕೆ ಬಟ್ಟೆ ಸುತ್ತಿದ ಒಬ್ಬ ಬಂಗಾಳಿ,
ಅವನು ಗುಡಿಸಿದಷ್ಟೂ ಮರಳು.

ಕಳೆದದ್ದು ಒಂದು ರಟ್ಟಿನ ಪೆಟ್ಟಿಗೆ.
ಒಳಗೆ ಗುಂಡಿ. ಅಂಗಿಯ ಗುಂಡಿ, ನಾಲ್ಕು ತೂತಿನವು,
ಬಿಳಿ, ಹಾಲುಬಿಳಿ,
ಮತ್ತೆ ಪಟ್ಟಿಯಲ್ಲಿ ಬಿಳಿಯೆಂದೇ ಬರೆದ ಇನ್ನೊಂದು ಬಣ್ಣ.
ತೂಕ ಹದಿನೆಂಟು ಕಿಲೊ.
ಹಕ್ಕುದಾರ: ಮೋನಬ್ಬ, ದರ್ಜಿ, ಬತ್ಹಾ ಗಲ್ಲಿ; ಊರು ಉಳ್ಳಾಲ.

ಕ್ಲೇಮು ಬರೆಯುವವನು ನಾನು, ಲಿಗೋರಿ ಪಾಯ್ಸ್.
ಹತ್ತೊಂಬತ್ತು ವರ್ಷದಿಂದ ಇದೇ ಕುರ್ಚಿ,
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಇದೇ ಮೂಲೆ.
ಇಂಗ್ಲಿಷಿನಲ್ಲಿ ನಾನು ಬೇಡುತ್ತೇನೆ,
ಸುಡಾನಿನ ಇದ್ರೀಸ್ ಅದನ್ನೇ ಅರಬ್ಬಿಯಲ್ಲಿ ಕೇಳುತ್ತಾನೆ.
ಕಾಣೆಯಾದದ್ದಕ್ಕೊಂದು, ಕಮ್ಮಿ ಬಿದ್ದದ್ದಕ್ಕೊಂದು,
ಹಾಳಾದದ್ದಕ್ಕೊಂದು ಮಾತು ಅವನಲ್ಲಿ.
‘ನಿಮ್ಮಲ್ಲಿ?’ ಎಂದ.
ಕಳೆ, ಎಂದೆ.
ಲೆಕ್ಕದಲ್ಲೂ ಅದೇ, ದಿನ ದೂಡಿದರೂ ಅದೇ,
ಮುಖದಲ್ಲಿ ಹೊಳಪಿದ್ದರೆ ಅದಕ್ಕೂ ಅದೇ.
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಯೋಚಿಸಿದ:
‘ಹಾಗಾದರೆ ಕೋರ್ಟಿನಲ್ಲಿ ನೀವು ಗೆಲ್ಲುವುದು ಹೇಗೆ?’

ನಾಲ್ಕನೇ ತಿಂಗಳು ರೈಲಿನವರ ಉತ್ತರ:
ಸೀಲು ಭದ್ರವಾಗಿತ್ತು.
ಬಾಗಿಲು ತೆರೆಯದೆ ಪೆಟ್ಟಿಗೆ ಹೊರಹೋಗುವಂತಿಲ್ಲ.
ಆದ್ದರಿಂದ, ಹೋಗಿಲ್ಲ.

ಬಾಯಿಪಾಠ ನನಗೆ ಈ ಸಾಲು.
ಶುಕ್ರವಾರದ ಫೋನಿನಲ್ಲಿ ಮನೆಗೆ
ನಾನು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ.

ಮತ್ತೆ ಬರೆದೆ. ಎಣಿಕೆ ಚೀಟಿ ಲಗತ್ತಿಸಿದೆ,
ಕ್ರೇನಿನ ರೋಡೆಲ್ ಮೊಬೈಲಿನಲ್ಲಿ ತೆಗೆದ ಫೋಟೊ,
ಮೂಲೆ ನಜ್ಜಾದ ನಲವತ್ತೆರಡನೆಯದು, ಅದೋ, ಎಡಕ್ಕೆ.
ಈ ನಡುವೆ ಈದ್ ಬಂತು.
ಹಾಲುಪುಡಿ ಡಬ್ಬದ ತಳದಿಂದ ಹಳೇ ಗುಂಡಿ ಸುರಿದು
ಮೋನಬ್ಬ ಹೊಲಿದ ಹೊಲಿದ ಹೊಲಿದ.
ಯಾರೂ ನೋಡಲಿಲ್ಲವಂತೆ. ಯಮನಿನ ಒಂದು ಹುಡುಗ ಮಾತ್ರ
ಮಾರನೇ ದಿನ ಬಂದು ಎದೆಯ ಮೇಲೆ ಬೆರಳಿಟ್ಟು
‘ಇದು ನಾಲ್ಕನೆಯದು, ಇದರ ಅಣ್ಣತಮ್ಮಂದಿರು ಬೇರೆ’ ಅಂದನಂತೆ.

ಹನ್ನೊಂದನೇ ತಿಂಗಳು ತೀರ್ಮಾನ.
ಬೆಲೆ ಲೆಕ್ಕಕ್ಕಿಲ್ಲ, ತೂಕಕ್ಕೆ ಪರಿಹಾರ,
ಇನ್ನೂರ ಎಂಟು ರಿಯಾಲು.
ಸಹಿ ಹಾಕಲು ಮೋನಬ್ಬ ಬಂದ,
ಅದೇ ರೈಲಿನವರಿಗೆ ಟಿಕೆಟ್ಟಿನ ಹಣ ಕೊಟ್ಟು.
ಸೂಜಿ ಚುಚ್ಚಿ ದಪ್ಪಗಾದ ಹೆಬ್ಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತ ಓದಿಸಿದ:
ಇನ್ನು ಮುಂದೆ ಯಾವ ಹಕ್ಕೂ ಬಾಕಿಯಿರುವುದಿಲ್ಲ.

‘ಅಂದರೆ ಪೊರ್ಬುಗಳೇ, ನಾಳೆ ಸಿಕ್ಕರೂ ಗುಂಡಿ ನನ್ನದಲ್ಲವಾ?’
ಅಲ್ಲ, ರೈಲಿನದು, ಎಂದೆ.

ಸಹಿ ಹಾಕಿದ. ಪೆನ್ನು ನನ್ನ ಜೇಬಿಗೇ ಸಿಕ್ಕಿಸಿದ.
‘ಹಾಗಾದರೆ ಅಂಗಿ ಹೊಲಿಸಲು ಬರಲಿ ರೈಲು,
ಕಾಜ ನಾನು ಪುಕ್ಕಟೆ ಮಾಡಿಕೊಡುತ್ತೇನೆ.’