ತೇವಾಂಶ ನಲವತ್ತೈದು

ನಮ್ಮೂರ ಹೆಸರಿನ ಅರ್ಥ ದೋಣಿ.
ಹೇಳಿಕೊಳ್ಳುವಂಥ ನದಿಯಿಲ್ಲ ಇಲ್ಲಿ, ವುಜ್‌ನಲ್ಲಿ.
ಇದ್ದದ್ದು ನೂಲಿನ ಗಿರಣಿಗಳು; ಅವೂ ನಿಂತ ಮೇಲೆ
ಒಂದಕ್ಕೆ ಒಳಗೆಲ್ಲ ಬಿಳಿ ಬಳಿದು
ಮ್ಯೂಸಿಯಂ ಎಂದರು.
ಅಜ್ಜಿ ಎಂಟೆಂಟು ಗಂಟೆ ನಿಂತು
ಹರಿದ ಎಳೆಗೆ ಎಳೆ ಗಂಟು ಹಾಕಿದ ಹಜಾರದಲ್ಲಿ
ಸದ್ದಾಗದ ಬೂಟು ತೊಟ್ಟು
ನಾನು ಅಡ್ಡಾಡುತ್ತೇನೆ, ಸಂಬಳಕ್ಕೆ.

ನನ್ನ ಕೆಲಸ ಯಾವುದೂ ಹಾಳಾಗದಂತೆ ಕಾಯುವುದು.
ಬೆಳಿಗ್ಗೆ ಎಂಟಕ್ಕೆ ಮೊದಲು ಮೀಟರು:
ತೇವಾಂಶ ನಲವತ್ತೈದು, ಶಾಖ ಹದಿನೆಂಟು.
ಆಮೇಲೆ ಮೂರನೇ ಕೋಣೆ, ಗಾಜಿನ ಪೆಟ್ಟಿಗೆ.
ಪೆಟ್ಟಿಗೆಯೊಳಗೆ ಹಲಗೆ,
ಹಲಗೆಯ ಮೇಲೆ ಇಡೀ ಒಂದು ರೈ ರೊಟ್ಟಿ,
ರೊಟ್ಟಿಯ ನಡು ಸೀಳಿ ಒಂದು ಮೊಳೆ,
ರೈಲು ಹಳಿಗೆ ಹೊಡೆಯುವಂಥದು.

ಅರವತ್ತೇಳನೇ ಇಸವಿ, ನವೆಂಬರು.
ಸೆವೆರಿನ್ ವಿಲ್ಚೆಕ್‌ಗೆ ಆಗ ಇಪ್ಪತ್ನಾಲ್ಕು.
ಶೀರ್ಷಿಕೆ ಒಂದೇ ಪದ: ಕೊಳೆಯಲಿ.
ಜೊತೆಗಾರ ಗಾವೆಲ್, ತತ್ವಶಾಸ್ತ್ರದ ಮಾಸ್ತರ,
ಸ್ಟೂಲು ಹತ್ತಿ ಪ್ರಣಾಳಿಕೆ ಓದಿದನಂತೆ:
ಉಳಿಯುವುದೆಲ್ಲ ಸುಳ್ಳು.
ಮ್ಯೂಸಿಯಂ ಎಂದರೆ ಸತ್ತವರು
ಬದುಕಿದವರ ಮೇಲೆ ಹೇರಿದ ಕಂದಾಯ.
ದೇವರು ಎದ್ದು ಹೋಗಿ ಎಷ್ಟೋ ಕಾಲವಾಯಿತು,
ಇನ್ನೂ ಆ ಕುರ್ಚಿಯ ಧೂಳು ಒರೆಸುತ್ತಿದ್ದೇವೆ,
ಕುರ್ಚಿಯನ್ನೇ ಒಡೆಯಿರಿ!
ಚಪ್ಪಾಳೆ. ಹನ್ನೊಂದು ಜನ.
ಅದರಲ್ಲಿಬ್ಬರು ಮಫ್ತಿ ಪೊಲೀಸರು.

ಹನ್ನೆರಡನೆಯವಳು ನನ್ನಜ್ಜಿ ಪೆಲಾಗಿಯ,
ಪಾಳಿ ಮುಗಿಸಿ, ಮಳೆ ಬಂತೆಂದು ಒಳಗೆ ನುಗ್ಗಿದವಳು,
ತಲೆವಸ್ತ್ರದ ತುಂಬ ಹತ್ತಿಯ ನವುರು.
ನಮ್ಮಲ್ಲಿ ರೊಟ್ಟಿ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುತ್ತಾರೆ.
ಕೊಯ್ಯುವ ಮುಂಚೆ ಚಾಕುವಿನ ತುದಿಯಿಂದ
ಅದರ ಬೆನ್ನಿಗೆ ಶಿಲುಬೆ ಗೀರುತ್ತಾರೆ.
ಯುದ್ಧದ ಐದು ಚಳಿಗಾಲ
ಆಲೂಗೆಡ್ಡೆ ಸಿಪ್ಪೆಯಲ್ಲಿ ದಾಟಿದವಳು ಅಜ್ಜಿ.
ಬೈಯಲಿಲ್ಲ. ಮೊಳೆ ಕೀಳಲಿಲ್ಲ.
ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು,
ಗಾಯದ ಪಕ್ಕಕ್ಕೆ ಒಂದು ಮುತ್ತಿಟ್ಟಳು,
ಕೊಡೆ ಇಲ್ಲದೆಯೇ ಹೊರಟಳು.
ಎಲ್ಲರೂ ನಕ್ಕರಂತೆ. ಸೆವೆರಿನ್ ಮಾತ್ರ ಕಿರುಚಿದನಂತೆ:
"ಮುಟ್ಟಬೇಡಿ!"

ಈ ಗಾಜಿನ ಪೆಟ್ಟಿಗೆ ಹುಟ್ಟಿದ್ದು
ಆ ಗಳಿಗೆಯಲ್ಲೇ ಎಂದು ನನಗೆ ಗುಮಾನಿ.

ಗಾವೆಲ್ ಮುಂದೆ ಟೈ ಕಟ್ಟಿದ.
ಕ್ರಮದ ಅಗತ್ಯದ ಬಗ್ಗೆ ಆರುನೂರು ಪುಟ ಬರೆದ,
ಕೊನೆಗೆ ಪಾದ್ರಿಯನ್ನು ಕರೆಸಿಕೊಂಡೇ ಹೋದ.
ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ.
ಅಡುಗೆಮನೆಯೇ ಇಲ್ಲದ ಒಂದು ಪ್ರಶ್ನೆಯೊಳಗೆ
ಮನುಷ್ಯ ಎಷ್ಟು ವರ್ಷ ಬಾಡಿಗೆಗಿದ್ದಾನು?

ಸೆವೆರಿನ್ ಇದ್ದಾನೆ. ಎಂಬತ್ತು ದಾಟಿತು.
ಗುರುವಾರ ಟಿಕೆಟ್ಟಿಲ್ಲ; ಟ್ರಾಮು ಹಿಡಿದು ಬರುತ್ತಾನೆ,
ಗಾಜಿಗೆ ಮೂಗೊತ್ತುತ್ತಾನೆ.
"ಈ ಬಿರುಕು ಹೋದ ತಿಂಗಳು ಇರಲಿಲ್ಲ, ಮಗಳೇ."
"ಶೀರ್ಷಿಕೆ ನೆನಪಿದೆಯೇ?" ಅಂದುಬಿಟ್ಟೆ ಒಮ್ಮೆ.
ಕೆಮ್ಮಿದ. ಊರುಗೋಲು ಈ ಕೈಯಿಂದ ಆ ಕೈಗೆ.
"ಅದು ಆಗ," ಎಂದ. "ಆಗ ರೊಟ್ಟಿ ಬಿಸಿಯಿತ್ತು."

ನಿನ್ನೆ ಪೆಟ್ಟಿಗೆಯ ತಳದಲ್ಲಿ ಹಿಟ್ಟಿನಂಥ ಪುಡಿ.
ಭೂತಗನ್ನಡಿ ಹಿಡಿದರೆ ಸೂಜಿಮೊನೆಯ ತೂತು,
ತೂತಿನಾಚೆ ಹುಳು. ಕಂದು. ಸಾಸಿವೆಯಷ್ಟು.
ಆ ಪ್ರಣಾಳಿಕೆಗೆ ನಿಷ್ಠನಾಗಿ ಉಳಿದವನು
ಇವನೊಬ್ಬನೇ, ಓದು ಬರದವನು.
ನಿಯಮ ಹೀಗಿದೆ: ಮೈನಸ್ ಮೂವತ್ತರ ಫ್ರೀಜರು, ಮೂರು ದಿನ.
ಹುಳು ಸಾಯುತ್ತದೆ, ಕೊಳೆಯಲಿ ಉಳಿಯುತ್ತದೆ.
ಫಾರಂ ತುಂಬಿದೆ.
'ಹಾನಿಯ ಕಾರಣ' ಎಂಬಲ್ಲಿ ಪೆನ್ನು ನಿಂತಿತು.

ನಾಳೆ ಗುರುವಾರ.
ಫ್ರೀಜರಿಗೆ ಶುಕ್ರವಾರ ಎಂದು ಬರೆದೆ.
ಅವನೇ ನೋಡಲಿ. ಏನನ್ನುತ್ತಾನೋ,
ಅಂದದ್ದನ್ನು ನಾನು ಕೇಳುತ್ತೇನೋ, ತಿಳಿಯದು.
ಸದ್ಯಕ್ಕೆ ಪುಡಿಯನ್ನು ಒಂಟೆಗೂದಲ ಬ್ರಶ್ಶಿನಲ್ಲಿ ಗುಡಿಸಿ
ಶೀಶೆಗೆ ತುಂಬಿ, ಚೀಟಿ ಅಂಟಿಸಿ, ತಾರೀಖು ಹಾಕಿದ್ದೇನೆ.
ಅಭ್ಯಾಸ.
ಒಂದು ಚೂರು ಕೈತಪ್ಪಿ ನೆಲಕ್ಕೆ ಬಿತ್ತು.
ಬಗ್ಗಿ ಎತ್ತಿಕೊಂಡೆ,
ಕ್ಯಾಮೆರಾ ಆ ಕಡೆ ತಿರುಗುವವರೆಗೆ ಕಾದೆ.