ಎಳಿಗೊಂದು ಅಂಕ

ಇಳಕಲ್ಲಿನ ಮಾಳಗಿ ಮ್ಯಾಲ, ಇನ್ನಾ ಬಿಸಿಲಿತ್ತು.
ಗುರುಪಾದ ತಾನೇ ಕಟ್ಟಿದ ಹೊಸಾ ಪಾತ್ರ ತೆಗೆದ: ನೇಕಾರ.
ಮೂರನೇ ಹಂತಕ್ಕ ಒಂದ ಎಳಿ ಜಗ್ಗಿದರ
ದೈತ್ಯನ ಉಕ್ಕಿನಂಗಿ ಪೂರಾ ಬಿಚ್ಚಿಬೀಳತದ.

‘ಭಾಳ ಆತೋ,’ ಅಂದೆ. ಆಟ ನಡಸಾಂವ ನಾನು.
‘ಮಾಂತ್ರಿಕಗ ಇದಕ್ಕ ಒಂಬತ್ತು ಹಂತ ಬೇಕು.
ಕತ್ತಿ ಹಿಡದಾಕಿ ಏನ ಚಹಾ ಕಾಸಬೇಕ?’
ಮೆಹಜಬೀನ ನಗಲಿಲ್ಲ.
ಇಪ್ಪತ್ತು ಮುಖದ ದಾಳ ನೂರು ಸಲ ಉರುಳಿಸಿ ನೋಡಿದ್ವಿ.
ತೊಂಬತ್ತು ಸಲ ನೇಕಾರನೇ.

ಕೆಳಗ ಕುಣಿಮಗ್ಗದಿಂದ ಅವನ ಅಜ್ಜಿ ಕೂಗಿದಳು:
‘ಹಣಗಿಯೊಳಗ ಎಳಿ ಕಡದದ, ಪೋಣಿಸ ಬಾರೋ,
ನನಗ ಕಾಣವಲ್ದು.’

ಹೋದ. ಬಂದ. ರಬ್ಬರು ಮುಟ್ಟಲಿಲ್ಲ, ಹಾಳಿಯ ಅಡಿಗೆ ಬರೆದ:
‘ಎಳಿಗೊಂದು ಅಂಕ ಕಣ್ಣು ಕಡಿಮಿ. ತಿರುಗಿ ಬರೂದಿಲ್ಲ.’

ತೂಕ ಕೂತಿತ್ತು. ನಾನು ಹೂಂ ಅನ್ನೂದರಾಗ
ಮೆಹಜಬೀನ ಕೇಳಿದಳು,
‘ಹಂಗಾರ ಇಂವನ್ನ ಆಡಾವರ ಯಾರೋ?’