ನೋಯುತ್ತೆ

ಅಂಗಳದ ಸಿಮೆಂಟಿನ ಮೇಲೆ ಮೂರು ಹನಿ.
ಕುಂಕುಮದ ನೀರು ಎಂದುಕೊಂಡೆ ಮೊದಲು.
ಆಮೇಲೆ ನೋಡಿದರೆ ಕೋಡುಬಳೆ
ಬೇಲಿಗೆ ಕಾಲೆತ್ತಿದವನು
ಎತ್ತಿದ ಕಾಲು ಇಳಿಸದೆ ನಿಂತೇ ಇದ್ದ.

ಬಾಲ ನೋಡಿ ಇಟ್ಟ ಹೆಸರು ಅದು.
ವೈಯಾಲಾದ ಪ್ರಾಣಿ ಆಸ್ಪತ್ರೆಯ ಚೀಟಿಯಲ್ಲಿ ಬರೀ ಕೋಡು.
ಜಾತಿ: ಕೆಲ್ಪಿ, ಮತ್ತಿನ್ನೇನೋ.
ವಯಸ್ಸು: ಹತ್ತು ದಾಟಿದೆ.
ಬೀಜ ತೆಗೆಸಿದೆಯೇ?
ಇಲ್ಲ ಎಂಬಲ್ಲಿ ಗೀಟು ಎಳೆದವಳು ನಾನೇ.

ಎಂಟು ವರ್ಷದ ಹಿಂದೆ ಅಡಿಲೇಡಿನಲ್ಲೊಬ್ಬ
ಬಣ್ಣದ ಕರಪತ್ರ ಕೈಗಿಟ್ಟು
ಗಡಿಯಾರ ನೋಡುತ್ತ ಹೇಳಿದ್ದ:
ಮಾಡಿಸಿಬಿಡಿ, ಎಲ್ಲರೂ ಮಾಡಿಸುತ್ತಾರೆ.
ಎಲ್ಲರೂ ಅಂದರೆ ನನಗೆ ಮೈಯುರಿ.
ಕರಪತ್ರ ಮಡಿಸಿ ಕುಂಟುವ ಮೇಜಿನ ಕಾಲಡಿಗೆ ಇಟ್ಟೆ.
ಮೇಜು ಈಗಲೂ ನೆಟ್ಟಗಿದೆ.

ನನ್ನ ಕಸುಬೂ ಅಂಥದೇ:
ಬೆಳಗ್ಗೆ ಏಳರಿಂದ ಊರವರ ರಕ್ತ ತೆಗೆಯುವುದು.
ಉಕ್ಕಿನ ಕಾರ್ಖಾನೆಯ ತೋಳು, ಬಸುರಿಯ ತೋಳು,
ಒಣಸೌದೆ ತೋಳಿನಲ್ಲಿ ಅವಿತ ನರ ಹುಡುಕುತ್ತ
ದಿನಕ್ಕೆ ನಲವತ್ತು ಸಲ ಅನ್ನುತ್ತೇನೆ,
ಏನೂ ನೋಯಲ್ಲ.
ಬಿಳಿ ಕೋಟಿನ ಸುಳ್ಳಿಗೆ ಒಳಜೇಬು ಎಲ್ಲಿದೆ ಅಂತ ಬಲ್ಲೆ.

ಡಾಕ್ಟರ್ ಟ್ರೆಲೋರ್ ಅರವತ್ತರ ಹೆಂಗಸು,
ಮೊಣಕೈ ಹತ್ತಿರ ಯಾರೋ ಕಚ್ಚಿದ ಹಳೇ ಗುರುತು.
ಅವನನ್ನು ಮೇಜಿಗೆ ಎತ್ತಲಿಲ್ಲ, ತಾನೇ ನೆಲಕ್ಕೆ ಕೂತಳು.
ಕೈಗವಸಿನ ಡಬ್ಬಿಯ ಬೆನ್ನಿಗೆ ಪೆನ್ನಿಂದ ಬರೆದಳು
ಒಂದು ಕೊಳವೆ, ಅದನ್ನು ಅಮುಕುವ ಗಂಟು.
ನೆಲ್ಲಿಕಾಯಿ ಇರಬೇಕಾದಲ್ಲಿ ನಿಂಬೆಹಣ್ಣು.
ಬೀಜ ತೆಗೆದರೆ ತಾನಾಗಿ ಕುಗ್ಗುತ್ತದೆ, ಅಂದಳು.
ನನ್ನ ಗಂಡ ವಾಮನ ಏನೂ ಅನ್ನದೆ
ಕಾಲ ಮೇಲೆ ಕಾಲು ಹಾಕಿಕೊಂಡ.

ಈ ವಯಸ್ಸಿಗೆ ಮಂಪರು?
ರಕ್ತ ನೋಡೋಣ, ಎದೆ ಕೇಳಿದ್ದೇನೆ.
ಅಪಾಯ ಸಣ್ಣದು. ಸೊನ್ನೆ ಅಲ್ಲ.
ಅಂದೇ ಮಾಡಿಸಿದ್ದರೆ?
ಇದು ಬರುತ್ತಿರಲಿಲ್ಲ. ಬೇರೆ ಏನಾದರೂ ಬರುತ್ತಿತ್ತೋ,
ನನಗೆ ಗೊತ್ತಿಲ್ಲ.
ಬಾಯಾರಿದವರಿಗೆ ನೀರು ಕೊಟ್ಟಂತೆ ಕೊಟ್ಟಳು
ಆ ಗೊತ್ತಿಲ್ಲ.

ನೋಯುತ್ತಾ ಅವನಿಗೆ?
ನೋಯುತ್ತೆ. ಮಾತ್ರೆ ಕೊಡುತ್ತೇನೆ, ಆದರೂ
ಎರಡು ದಿನ ನೋಯುತ್ತೆ.

ಸಹಿ ಹಾಕಿದೆ.
ಏನಾದರೂ ಆದಲ್ಲಿ ಎಂಬ ಸಣ್ಣಕ್ಷರವನ್ನೂ ಓದಿ ಹಾಕಿದೆ.

ಹೊರಡುವಾಗ ಕರೆದು ಕೇಳಿದಳು:
ಮನೆಯಲ್ಲಿ ಇವನಿಗೆ ಯಾವ ಮಾತು?
ಬಾರೋ ಅಂದರೆ ಬರುತ್ತಾನೆ.
ಕಮ್ ಅಂದರೆ ಆಕಾಶ ನೋಡುತ್ತಾನೆ.
ಅಂಗೈಯಲ್ಲಿ ಬರೆದುಕೊಂಡಳು ತನ್ನ ಲಿಪಿಯಲ್ಲಿ,
ಎರಡು ಸಲ ನನ್ನಿಂದ ಹೇಳಿಸಿ ತಿದ್ದಿಕೊಂಡಳು.

ಮಧ್ಯಾಹ್ನವೆಲ್ಲ ಕೊಲ್ಲಿಯ ದಡದಲ್ಲಿ ಕಾರು ನಿಲ್ಲಿಸಿ ಕೂತೆವು.
ಕೆಂಪು ಧೂಳು, ಆಚೆ ತವರದಂಥ ನೀರು.
ವಾಮನ ಒಂದು ಬಾಳೆಹಣ್ಣು ಸುಲಿದ, ತಿನ್ನಲಿಲ್ಲ.
ಮೂರೂ ಕಾಲಿಗೆ ಫೋನು:
ಎದ್ದ. ನನ್ನ ಬಾರೋಗೆ ಒಂದು ಕಿವಿ ಎತ್ತಿದ.
ಉಚ್ಚಾರ ಸಾಲದೇನೋ,
ಇನ್ನೊಂದು ಎತ್ತಲಿಲ್ಲ.

ಎರಡು ರಾತ್ರಿ ಕೊರಳ ಪ್ಲಾಸ್ಟಿಕ್ ಬುಟ್ಟಿ
ಬಾಗಿಲಿಗೆ, ಗೋಡೆಗೆ, ನನ್ನ ಮೊಣಕಾಲಿಗೆ ಬಡಿಯುತ್ತ
ಕುಂಯ್ ಅಂದ, ಕುಂಯ್ ಅಂದ.
ಹೇಳಿಸಿಕೊಂಡ ನೋವು
ಮೊದಲೇ ಕಾಗದ ಬರೆದು ಬಂದ ನೆಂಟನ ಹಾಗೆ,
ಮೂರನೇ ಬೆಳಗ್ಗೆ ಎದ್ದು ಹೋಯಿತು.

ಸೋಮವಾರ ಕ್ರೇನು ನಡೆಸುತ್ತಿದ್ದ ಮುದುಕ ತೋಳು ಚಾಚಿದ.
ನೋಯುತ್ತೆ ಸ್ವಲ್ಪ, ಅಂದೆ. ಬಾಯಿಗೇ ಹೊಸದು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಅವನು ಸೂಜಿ ಬಿಟ್ಟು ನನ್ನ ಮುಖ ನೋಡಿದ.

ಈಗ ಉಪ್ಪುಗಿಡದ ಬುಡಕ್ಕೆ ಕಾಲೆತ್ತಿದರೆ ಬರೀ ಹಳದಿ,
ಧಾರಾಳ ಹಳದಿ. ನಿಂತು ನೋಡುತ್ತೇವೆ ಇಬ್ಬರೂ
ನಾಚಿಕೆಯಿಲ್ಲದೆ.
ಆಸ್ಪತ್ರೆಯ ತಿರುವು ಬಂತೋ
ನಾಲ್ಕೂ ಕಾಲು ನೆಲಕ್ಕೆ ಹೂಡುತ್ತಾನೆ, ಬಾರೋ ಅಂದರೂ ಬರ.
ಅವನು ಸಹಿ ಹಾಕಿರಲಿಲ್ಲವಲ್ಲ.